ಕೈ ಅಡ್ಡ ಇಟ್ಟಾಗ

ಮೊದಲೇ ಹೇಳಿಬಿಡ್ತೀನಿ, ನಾನು ಮಾಡೋ ಫ್ರೋಜನ್ ಮಾರ್ಗರಿಟಾ ಚೆನ್ನಾಗಿರುತ್ತೆ. ಜಂಬ ಅಂದ್ಕೊಂಡ್ರೂ ಪರವಾಗಿಲ್ಲ. ಹುಳಿಗೆ ಹದವಾಗಿ ಉಪ್ಪು ಹಾಕೋದು ನನಗೆ ಇವತ್ತಿಗೂ ಸರಿಯಾಗಿ ಬರಲ್ಲ, ಚಪಾತಿ ದುಂಡಗೆ ಆಗಲ್ಲ. ಆದ್ರೆ ಟಕೀಲಾ, ನಿಂಬೆರಸ, ಕಿತ್ತಳೆ ಲಿಕ್ಯೂರ್, ಮಂಜುಗಡ್ಡೆ, ಇಷ್ಟು ಕೊಟ್ಟರೆ ಸಾಕು, ನಮ್ಮ ಗೆಳೆಯರ ಬಳಗದಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದನ್ನ ಚೆನ್ನಾಗಿ ಮಾಡೋದು ಹೇಗೆ ಅಂತ ಇಲ್ಲಿ ಹೇಳ್ತೀನಿ. ಅದು ಚೆನ್ನಾಗಿ ಆಗಿದ್ದರಿಂದಲೇ ಒಂದು ರಾತ್ರಿ ಏನಾಯ್ತು, ಅದನ್ನೂ ಹೇಳಬೇಕು.

ನಾವಿರೋದು ಟೆಕ್ಸಸ್‌ನ ಡಲ್ಲಾಸ್ ಪಕ್ಕದ ಒಂದು ಊರಲ್ಲಿ. ಇಲ್ಲಿ ಮಾರ್ಗರಿಟಾ ಮಾಡಲು ಬರುತ್ತೆ ಅನ್ನೋದು ಮೈಸೂರಲ್ಲಿ ಮೈಸೂರ್‌ಪಾಕ್ ಮಾಡಲು ಬರುತ್ತೆ ಅಂದಹಾಗೆ, ಊರಿನ ಮರ್ಯಾದೆಯ ಪ್ರಶ್ನೆ. ಯಾಕಂದ್ರೆ ಫ್ರೋಜನ್ ಮಾರ್ಗರಿಟಾ ಯಂತ್ರ ಹುಟ್ಟಿದ್ದೇ ಇಲ್ಲಿ. 1971ರಲ್ಲಿ ಮರಿಯಾನೊ ಮಾರ್ಟಿನೆಜ್ ಅನ್ನೋ ಇಪ್ಪತ್ತರ ಹರೆಯದ ಹುಡುಗ ಡಲ್ಲಾಸ್‌ನಲ್ಲಿ ಮೆಕ್ಸಿಕನ್ ರೆಸ್ಟೋರೆಂಟ್ ತೆರೆದ. ಮಾರ್ಗರಿಟಾಕ್ಕೆ ಜನ ಮುಗಿಬಿದ್ದರು. ಬಾರ್‌ಟೆಂಡರ್‌ಗೆ ಒಂದೊಂದೇ ಲೋಟ ಮಿಕ್ಸರ್‌ನಲ್ಲಿ ತಿರುಗಿಸಿ ತಿರುಗಿಸಿ ಸಾಕಾಗಿ ಹೋಯ್ತು. ಒಂದು ಲೋಟ ಚೆನ್ನಾಗಿದ್ದರೆ ಇನ್ನೊಂದು ಕೆಟ್ಟದಾಗಿರ್ತಿತ್ತು, ಗಿರಾಕಿಗಳು ದೂರತೊಡಗಿದರು. ತಲೆ ಕೆಟ್ಟುಹೋದ ಮಾರ್ಟಿನೆಜ್ ಒಂದು ದಿನ ಸೆವೆನ್ ಇಲೆವೆನ್ ಅಂಗಡಿಯಲ್ಲಿ ಮಕ್ಕಳಿಗೆ ಐಸ್ ಪಾನಕ ಸುರಿಯೋ ಸ್ಲರ್ಪಿ ಯಂತ್ರ ನೋಡಿದ. ಹಳೇ ಸಾಫ್ಟಿ ಐಸ್‌ಕ್ರೀಂ ಯಂತ್ರವೊಂದನ್ನ ತಂದು, ಸಕ್ಕರೆಯ ಪ್ರಮಾಣ ಹೆಚ್ಚುಕಡಿಮೆ ಮಾಡಿ ನೋಡಿ, ಮದ್ಯ ಹೆಪ್ಪುಗಟ್ಟಲ್ಲ ಅಂದವರ ಮಾತನ್ನ ಸುಳ್ಳು ಮಾಡಿದ. ಆ ಯಂತ್ರ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿದೆ.

ಈ ಕಥೆಯನ್ನ ಪಾರ್ಟಿಗಳಲ್ಲಿ ನಾನು ಹತ್ತಾರು ಸಲ ಹೇಳಿದ್ದೀನಿ. ಹೇಳುವಾಗೆಲ್ಲ ನನಗೆ ಮುಖ್ಯ ಅನಿಸ್ತಿದ್ದದ್ದು ಅವನ ಜಾಣತನ. ಆ ಯಂತ್ರ ಮಾಡಿದ ಇನ್ನೊಂದು ಕೆಲಸ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಅದು ಎಲ್ಲ ಲೋಟವನ್ನೂ ಒಂದೇ ಥರ ಮಾಡಿತು. ಎರಡನೇ ಲೋಟ ತಗೊಂಡವನಿಗೆ ಮೊದಲನೇದರಲ್ಲಿ ಎಷ್ಟಿತ್ತೋ ಇದರಲ್ಲೂ ಅಷ್ಟೇ ಇದೆ ಅನ್ನೋದು ಖಾತ್ರಿಯಾಯ್ತು.

ಹೋದ ವರ್ಷ ಮೇ ತಿಂಗಳ ಮೊದಲ ಶನಿವಾರ ನಮ್ಮನೇಲಿ ಪಾರ್ಟಿ. ಒಂಬತ್ತು ಜನ, ಹೆಚ್ಚಿನವರು ಕನ್ನಡದವರು. ಹಿತ್ತಲಲ್ಲಿ ಕುರ್ಚಿ, ಗ್ರಿಲ್ ಮೇಲೆ ಜೋಳ, ಪನೀರು, ಕೋಳಿ, ಫೋನಿನಿಂದ ಹಳೇ ಕನ್ನಡ ಹಾಡು. ನಾನು ಅಡುಗೆಮನೆಯಲ್ಲಿ ಬ್ಲೆಂಡರ್ ಹತ್ತಿರ. ಆವತ್ತು ಅಳತೆ ಗಿಳತೆ ಏನೂ ಇರಲಿಲ್ಲ, ಎಲ್ಲ ಕಣ್ಣಂದಾಜು. "ಕೈ ಬಿಚ್ಚಿ ಹಾಕಬೇಕು, ಬಂದವರಿಗೆ ಬರೀ ಐಸ್ ನೀರು ಕುಡಿಸಿ ಕಳಿಸೋಕಾಗುತ್ತಾ?" ಅನ್ನೋದು ನನ್ನ ವಾದ.

ನನ್ನ ಟೀಮಿಗೆ ಹೊಸದಾಗಿ ಸೇರಿದ್ದ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದಿದ್ದ. ಇಪ್ಪತ್ತಾರು ವಯಸ್ಸು, ಅಮೆರಿಕಕ್ಕೆ ಬಂದು ಎಂಟು ತಿಂಗಳು. ಆಗೀಗ ಒಂದು ಬಿಯರ್ ಕುಡಿದು ಗೊತ್ತಿತ್ತೇ ಹೊರತು ಟಕೀಲಾ ಮುಟ್ಟಿದವನಲ್ಲ. ಮೊದಲ ಗುಟುಕಿಗೇ ಕಣ್ಣರಳಿಸಿ, "ಅಕ್ಕಾ, ಥೇಟ್ ನಿಂಬೆಹಣ್ಣಿನ ಪಾನಕ ಕುಡಿದಂಗೈತಲ್ಲ! ಇದ್ರಾಗ ಎಣ್ಣೆ ಐತೇನ?" ಅಂದ. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಇನ್ನೇನು ಬೇಕು? ಎಲ್ಲರೂ ನಕ್ಕರು. ನಾನೂ ನಕ್ಕೆ, ಉತ್ತರ ಕೊಡಲಿಲ್ಲ. ಅವನು ಕೇಳಿದ್ದು ನಿಜವಾದ ಪ್ರಶ್ನೆ ಅಂತ ನನಗೆ ಅನಿಸಲೇ ಇಲ್ಲ.

ಈ ಪಾನೀಯದ ಗುಟ್ಟೇ ಅದು. ತಂಪು ನಾಲಿಗೆಯನ್ನ ಮಂಕು ಮಾಡುತ್ತೆ. ಮಂಜಿನ ಹಾಗೆ ತಣ್ಣಗಿದ್ದಾಗ ಮದ್ಯದ ಘಾಟು ಮೇಲೇಳಲ್ಲ, ಗಂಟಲಿನ ಉರಿ ಗೊತ್ತಾಗಲ್ಲ. ಸಕ್ಕರೆ ಮತ್ತು ನಿಂಬೆ ಉಳಿದದ್ದನ್ನ ಮುಚ್ಚಿಹಾಕುತ್ತವೆ. ಇದೇ ಟಕೀಲಾವನ್ನ ಪುಟ್ಟ ಗ್ಲಾಸಿನಲ್ಲಿ ಹಾಗೇ ಕೊಟ್ಟಿದ್ದರೆ ಅವನು ಒಂದಕ್ಕೇ ಮುಖ ಕಿವಿಚಿ ಕೆಳಗಿಡ್ತಿದ್ದ. ಆ ಉರಿ ಇರೋದೇ ಅದಕ್ಕೆ, ಸಾಕು ಅಂತ ಹೇಳೋಕೆ. ಆ ಉರಿಯನ್ನ ಬಾಯಿಗೆ ತಿಳಿಯದ ಹಾಗೆ ಮಾಡೋದೇ ನನ್ನ ಕೈಚಳಕ.

ಅವನು ಎರಡು ಲೋಟ ಕುಡಿದ. ಮೂರನೇದಕ್ಕೆ ನಾನು ಜಗ್ ಹಿಡಿದು ಹೋದಾಗ ಲೋಟದ ಮೇಲೆ ಅಂಗೈ ಅಡ್ಡ ಇಟ್ಟ. "ಸಾಕಕ್ಕಾ" ಅಂದ. ನಾನು, "ಏಯ್, ಏನು ಸಂಕೋಚ, ನಿಮ್ಮಕ್ಕನ ಮನೇಲಿ! ಇದೊಂದೇ" ಅಂತ ಅವನ ಕೈ ಸರಿಸಿ ಸುರಿದೆ. ಈ ವಾಕ್ಯ ಬರೆಯೋಕೆ ನನಗೆ ಒಂದು ವರ್ಷ ಬೇಕಾಯ್ತು.

ಹನ್ನೊಂದು ಗಂಟೆಗೆ ಅವನು ಹೊರಟ. ಬಾಗಿಲಲ್ಲಿ ನಿಂತು, "ಆರಾಮಾಗಿದೀಯ ತಾನೇ? ಕ್ಯಾಬ್ ಕರೀಲಾ?" ಅಂತ ಕೇಳಿದೆ. "ಅರಾಮದೀನಿ ಅಕ್ಕಾ" ಅಂದ. ನೋಡೋಕೂ ಹಾಗೇ ಕಂಡ. ಕಾರಿನ ತನಕ ಹೋಗಿ ಟಾಟಾ ಮಾಡಿ ಬಂದೆ. ಅವನ ಅಪಾರ್ಟ್‌ಮೆಂಟ್ ನಮ್ಮನೆಯಿಂದ ಇಪ್ಪತ್ತು ನಿಮಿಷ. ಹನ್ನೊಂದೂವರೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೆಸೇಜ್ ಹಾಕಿದೆ, ಓದಿದ ಗುರುತು ಬರಲಿಲ್ಲ. ಐದನೇ ಸಲ ಮಾಡುವಾಗ ಕೈ ನಡುಗ್ತಾ ಇತ್ತು. ಹನ್ನೆರಡು ಹತ್ತಕ್ಕೆ ಅವನೇ ಎತ್ತಿದ. ಹೈವೇ ಹತ್ತೋ ಮುಂಚೆಯೇ ಕಣ್ಣು ಕತ್ತಲೆ ಬಂದಂತಾಗಿ, ಮುಚ್ಚಿದ್ದ ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ವಾಂತಿ ಮಾಡಿ, ಸೀಟಿನಲ್ಲೇ ನಿದ್ದೆ ಹೋಗಿದ್ದ. ನನ್ನ ಗಂಡನಿಗೆ ಆ ವಾರ ಆಫೀಸಿನ ಆನ್‌ಕಾಲ್ ಇದ್ದಿದ್ದರಿಂದ ಅವನು ಕುಡಿದಿರಲಿಲ್ಲ. ಅವನೇ ಹೋಗಿ ಕರ್ಕೊಂಡು ಬಂದ. ಹುಡುಗ ನಮ್ಮ ಸೋಫಾ ಮೇಲೆ ಮಲಗಿ, ಬೆಳಿಗ್ಗೆ ಉಪ್ಪಿಟ್ಟು ತಿಂದು, ನೂರು ಸಲ ಸಾರಿ ಕೇಳಿ ಹೋದ.

ಅವನು ನನ್ನ ಹತ್ತಿರ ಸಾರಿ ಕೇಳಿದ!

ಅವನು ಹೋದಮೇಲೆ ಅಡುಗೆಮನೆಯಲ್ಲಿ ಖಾಲಿ ಬಾಟಲಿಗಳನ್ನ ಇಟ್ಟುಕೊಂಡು ಲೆಕ್ಕ ಹಾಕಿದೆ. ಅಮೆರಿಕದಲ್ಲಿ ಒಂದು "ಸ್ಟ್ಯಾಂಡರ್ಡ್ ಡ್ರಿಂಕ್" ಅಂದ್ರೆ 14 ಗ್ರಾಂ ಶುದ್ಧ ಆಲ್ಕೋಹಾಲ್, ಅಂದರೆ ಶೇ. 40ರ ಟಕೀಲಾದಲ್ಲಿ ಸುಮಾರು 44 ಎಂಎಲ್. ಸಾಮಾನ್ಯವಾಗಿ ಒಂದು ದೇಹ ಇದನ್ನ ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಆವತ್ತು ಒಂಬತ್ತು ಲೋಟಕ್ಕೆ ನಾನು ಸುರಿದಿದ್ದು 750 ಎಂಎಲ್‌ನ ಪೂರ್ತಿ ಬಾಟಲಿ ಟಕೀಲಾ, ಜೊತೆಗೆ ಅಷ್ಟೇ ಖಡಕ್ಕಾದ ಕಿತ್ತಳೆ ಲಿಕ್ಯೂರ್ ಸುಮಾರು 180 ಎಂಎಲ್. ಅದೇ ಲೆಕ್ಕದಲ್ಲಿ ಮುಂದಿನ ಜಗ್‌ಗಳು. ಒಂದು ಲೋಟಕ್ಕೆ ಎರಡೂಕಾಲು ಡ್ರಿಂಕ್‌ಗಿಂತ ಸ್ವಲ್ಪ ಹೆಚ್ಚೇ. ಅವನ ಲೆಕ್ಕದಲ್ಲಿ ಅವನು ಕುಡಿದಿದ್ದು ಮೂರು. ನಿಜವಾಗಿ ಕುಡಿದಿದ್ದು ಏಳು.

"ಅವನೇನು ಮಗುನಾ? ಇಪ್ಪತ್ತಾರು ವರ್ಷದ ಗಂಡಸು. ಅವನೇ ಕುಡಿದ, ಅವನೇ ಓಡಿಸ್ದ. ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಅಂತ ಗಂಡ ಸಮಾಧಾನ ಮಾಡಿದ. ಅವನ ಮಾತನ್ನ ಇಲ್ಲಿನ ಕಾನೂನೂ ಹೆಚ್ಚುಕಡಿಮೆ ಒಪ್ಪುತ್ತೆ. ಟೆಕ್ಸಸ್‌ನಲ್ಲಿ ಬಾರಿನವರು ಕಣ್ಣಿಗೆ ಕಾಣುವಷ್ಟು ಅಮಲೇರಿ ಅಪಾಯಕಾರಿಯಾದವನಿಗೆ ಮತ್ತೆ ಸುರಿದುಕೊಟ್ಟು, ಅದರಿಂದ ಅನಾಹುತವಾದರೆ ಹೊಣೆ ಹೊರಬೇಕು. ಆದರೆ ಮನೆಗೆ ಕರೆದು ವಯಸ್ಕರಿಗೆ ಕುಡಿಸಿದವರ ಮೇಲೆ ಆ ಹೊಣೆ ಹೊರಿಸಲು ಇಲ್ಲಿನ ಸುಪ್ರೀಂ ಕೋರ್ಟ್ 1993ರಲ್ಲಿ ಒಪ್ಪಲಿಲ್ಲ.

ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1984ರಲ್ಲೇ ಇದಕ್ಕೆ ಉಲ್ಟಾ ಹೇಳಿತ್ತು. ಆ ತೀರ್ಪಿನ ವಿವರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ತನ್ನ ಗೆಳೆಯನನ್ನ ಮನೆಗೆ ಕರೆದು ವಿಸ್ಕಿ ಕೊಟ್ಟ. ಗೆಳೆಯ ಹೊರಟಾಗ ಕಾರಿನ ತನಕ ಹೋಗಿ ಬೀಳ್ಕೊಟ್ಟ. ಅರ್ಧ ಗಂಟೆ ಬಿಟ್ಟು, ಮನೆ ಸೇರಿದನಾ ಅಂತ ಕೇಳೋಕೆ ಫೋನ್ ಮಾಡಿದ. ಫೋನ್ ಎತ್ತಿದ್ದು ಗೆಳೆಯನ ಹೆಂಡತಿ. ಅಪಘಾತ ಆಗಿದೆ ಅಂದಳು. ಎದುರಿಂದ ಬರುತ್ತಿದ್ದ ಕಾರಿಗೆ ಮುಖಾಮುಖಿ ಡಿಕ್ಕಿ, ಅದರಲ್ಲಿದ್ದ ಹೆಂಗಸಿಗೆ ತೀವ್ರ ಗಾಯ. ಕುಡಿದಿದ್ದು ಎರಡು ಮೂರು ಪೆಗ್ ಅಂತ ಆತಿಥ್ಯ ಮಾಡಿದವರು ಹೇಳಿದರು. ರಕ್ತ ಪರೀಕ್ಷೆ ನೋಡಿದ ತಜ್ಞರು ಹದಿಮೂರಕ್ಕೆ ಸಮ ಅಂದರು. ಅತಿಥಿ ಗಾಡಿ ಓಡಿಸ್ತಾನೆ ಅಂತ ಗೊತ್ತಿದ್ದೂ ಅಮಲೇರುವಷ್ಟು ಕುಡಿಸಿದವನಿಗೂ ಹೊಣೆ ಇದೆ ಅಂತ ಕೋರ್ಟು ಹೇಳಿತು. ಆಮೇಲೆ ಅಲ್ಲಿನ ಶಾಸಕಾಂಗ ಆ ಹೊಣೆಗೆ ಒಂದಷ್ಟು ಮಿತಿ ಹಾಕಿತು, ಅದು ಬೇರೆ ವಿಷಯ.

ಕಾರಿನ ತನಕ ಹೋಗಿದ್ದು, ಅರ್ಧ ಗಂಟೆಗೆ ಫೋನ್ ಮಾಡಿದ್ದು, ಮೂರು ಅಂದ್ಕೊಂಡಿದ್ದು ಮೂರಾಗಿರದೇ ಇದ್ದದ್ದು. ಆ ಮನೆಯವನಿಗೂ ನನಗೂ ಏನು ವ್ಯತ್ಯಾಸ ಅಂತ ಹುಡುಕಿದೆ. ನಾನು ಮಾಡಿದ್ದರಲ್ಲಿ ಯಾವ ವ್ಯತ್ಯಾಸವೂ ಸಿಗಲಿಲ್ಲ. ನನ್ನ ಹುಡುಗನಿಗೆ ಸರಿಯಾದ ಹೊತ್ತಿಗೆ ಹೊಟ್ಟೆ ತೊಳಸಿತು, ಅಷ್ಟೇ.

ತತ್ತ್ವಶಾಸ್ತ್ರ ಓದಿದವರು ಇದನ್ನ "ಮಾರಲ್ ಲಕ್" ಅಂತಾರೆ, ನೈತಿಕ ಅದೃಷ್ಟ. ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1970ರ ದಶಕದಲ್ಲಿ ಇದನ್ನ ಚರ್ಚೆಗೆ ತಂದರು. ನೇಗೆಲ್ ಕೊಡೋ ಒಂದು ಉದಾಹರಣೆ ಕುಡಿದು ಓಡಿಸೋ ಚಾಲಕನದ್ದೇ. ಕಾರು ಫುಟ್‌ಪಾತ್ ಹತ್ತಿತು, ಅಲ್ಲಿ ಯಾರೂ ಇರಲಿಲ್ಲ. ಅವನು ಬೈಗುಳ ತಿಂದು ಪಾರಾಗ್ತಾನೆ. ಅಲ್ಲಿ ಯಾರೋ ನಡೆದು ಹೋಗ್ತಿದ್ದರೆ ಅವನು ಜೀವನಪೂರ್ತಿ ಕೊಲೆಗಾರ. ಇಬ್ಬರೂ ಮಾಡಿದ ತಪ್ಪು ಒಂದೇ, ಆದ್ರೂ ನಾವು ಒಂದೇ ತಕ್ಕಡಿಯಲ್ಲಿ ತೂಗಲ್ಲ. ಸ್ವತಃ ಅವರೇ ತಮ್ಮನ್ನು ಹಾಗೆ ತೂಗಿಕೊಳ್ಳಲ್ಲ.

ಕೋರ್ಟು ಆಗಿದ್ದನ್ನೇ ನೋಡಬೇಕು, ಆಗಬಹುದಾಗಿದ್ದಕ್ಕೆ ಶಿಕ್ಷೆ ಕೊಡ್ತಾ ಕೂತರೆ ಊರೇ ಜೈಲಲ್ಲಿರಬೇಕಾಗುತ್ತೆ. ಅದನ್ನ ಒಪ್ತೀನಿ. ಆದ್ರೆ ನನ್ನ ಅಡುಗೆಮನೆಯಲ್ಲಿ ನಾನು ನನ್ನನ್ನೇ ನೋಡಿಕೊಳ್ಳುವಾಗ "ಏನೂ ಆಗಲಿಲ್ಲವಲ್ಲ" ಅನ್ನೋದು ಯಾವ ಸಮರ್ಥನೆ? ಏನೂ ಆಗದೇ ಇದ್ದದ್ದು ನನ್ನ ಸಾಧನೆ ಅಲ್ಲ. ನಾನು ಮಾಡಿದ್ದು ಎರಡೇ ಕೆಲಸ: ಎಷ್ಟಿದೆ ಅಂತ ಹೇಳಲಿಲ್ಲ, ಬೇಡ ಅಂದವನ ಕೈ ಸರಿಸಿದೆ.

ಎರಡನೇದರ ಬಗ್ಗೆ ಜಾಸ್ತಿ ಯೋಚಿಸಿದೆ, ಯಾಕಂದ್ರೆ ಅದನ್ನ ನಾನು ಕಲಿತದ್ದು ನಮ್ಮೂರ ಊಟದ ಪಂಕ್ತಿಯಲ್ಲಿ. ನಿಮಗೂ ಗೊತ್ತಿರುತ್ತೆ. ಹೋಳಿಗೆ ಬಡಿಸೋರು ಬರ್ತಾರೆ. ನೀವು "ಸಾಕು ಸಾಕು" ಅಂತ ಎಲೆಯ ಮೇಲೆ ಬಾಗಿ, ಎರಡೂ ಕೈ ಅಡ್ಡ ಇಡ್ತೀರಿ. ಅವರು ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸಿ, ಮೇಲಿಂದ ತುಪ್ಪ ಸುರಿದು ಮುಂದೆ ಹೋಗ್ತಾರೆ. ಅಲ್ಲಿ ಮೊದಲ "ಬೇಡ" ಅನ್ನೋದು ಬರೀ ಶಿಷ್ಟಾಚಾರ. ಅದನ್ನೇ ನಂಬಿ ಮುಂದೆ ಹೋದವರು ಜಿಪುಣರು. ನಮ್ಮಜ್ಜಿಯಂತೂ ಬಂದವರಿಗೆ ಉಪಚಾರ ಮಾಡಿ ಬಲವಂತವಾಗಿ ಬಡಿಸದಿದ್ದರೆ ಊಟ ಹಾಕಿದ ಹಾಗೇ ಅಲ್ಲ ಅಂತಿದ್ದರು. ಅದರಲ್ಲಿ ಪ್ರೀತಿ ಇತ್ತು. ಇವತ್ತಿಗೂ ಇದೆ.

ಆದ್ರೆ ಆ ಆಟ ನಡೆಯೋದಕ್ಕೆ ಒಂದು ಆಧಾರ ಇದೆ. ಹೋಳಿಗೆ ಎಲೆಯ ಮೇಲೆ ಕಾಣುತ್ತೆ. ಎಷ್ಟು ತಿಂದೆ ಅಂತ ಎಣಿಸಬಹುದು. ಹೊಟ್ಟೆ ತುಂಬಿದ್ದನ್ನ ಹೊಟ್ಟೆಯೇ ಹೇಳುತ್ತೆ. ನಾಲ್ಕನೇ ಹೋಳಿಗೆ ತಿಂದವನಿಗೆ ಐದನೇದು ಬೇಡ ಅನ್ನೋ ಬುದ್ಧಿ ಇನ್ನಷ್ಟು ಗಟ್ಟಿಯಾಗುತ್ತೆ. ಮದ್ಯದಲ್ಲಿ ಇದೆಲ್ಲ ತಿರುಗುಮುರುಗು. ಒಳಗಿರೋದು ಕಾಣಲ್ಲ, ಕುಡಿದದ್ದು ಆ ಕ್ಷಣಕ್ಕೆ ಏರಲ್ಲ, ಏರೋ ಹೊತ್ತಿಗೆ ಬೇಡ ಅನ್ನಬೇಕಾದ ಬುದ್ಧಿಯನ್ನೇ ಅದು ಮೊದಲು ಮಲಗಿಸಿರುತ್ತೆ. ಅಂಥ ಕಡೆ ಒಬ್ಬ ಕೈ ಅಡ್ಡ ಇಟ್ಟ ಅಂದ್ರೆ, ಅದು ಅವನ ಬುದ್ಧಿ ಎಚ್ಚರ ಇರುವಾಗ ಹೇಳಿದ ಕೊನೇ ಮಾತೇ ಇರಬಹುದು. ನಾನು ಸರಿಸಿದ್ದು ಅದನ್ನ. ಅಜ್ಜಿಯಿಂದ ಉಪಚಾರ ಕಲಿತೆ, ಯಾವ ಪಾತ್ರೆಯಿಂದ ಬಡಿಸ್ತಿದೀನಿ ಅಂತ ನೋಡಲಿಲ್ಲ.

ಗಂಡನ "ಅವನೇನು ಮಗುನಾ" ಅನ್ನೋ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ತು. ಅಲ್ಲ, ಮಗು ಅಲ್ಲ. ಅದಕ್ಕೇ ಅವನಿಗೆ ಲೆಕ್ಕ ಗೊತ್ತಾಗಬೇಕಿತ್ತು. ದೊಡ್ಡವನು, ಅವನ ನಿರ್ಧಾರ ಅವನದ್ದು ಅಂತ ಹೇಳುವ ಹಕ್ಕು ನನಗೆ ಬರೋದು, ನಿರ್ಧಾರಕ್ಕೆ ಬೇಕಾದದ್ದನ್ನ ಅವನ ಕೈಗೆ ಕೊಟ್ಟಮೇಲೆ. ಏಳನ್ನ ಮೂರು ಅಂತ ನಂಬಿಸಿ, ಆಮೇಲೆ "ನೀನೇ ತಾನೇ ಕುಡಿದಿದ್ದು" ಅಂದ್ರೆ ಅದು ಗೌರವ ಅಲ್ಲ, ಜಾರಿಕೊಳ್ಳೋದು.

ಮುಂದಿನ ಪಾರ್ಟಿಗೆ ನಾನು ಒಂದು ಜಾಣತನ ಯೋಚಿಸಿದ್ದೆ. ಯಾರಿಗೂ ಹೇಳದೆ ಟಕೀಲಾ ಅರ್ಧ ಮಾಡಿಬಿಡೋದು. ತಂಪಿನಲ್ಲಿ ಯಾರಿಗೂ ಗೊತ್ತಾಗಲ್ಲ, ಎಲ್ಲರೂ ಕ್ಷೇಮ. ಗಂಡನಿಗೆ ಹೇಳಿದೆ. ಅವನು ಪಾತ್ರೆ ಒರೆಸ್ತಾ, "ಆವತ್ತು ಹೇಳ್ದೆ ಜಾಸ್ತಿ ಹಾಕ್ದೆ, ಈಗ ಹೇಳ್ದೆ ಕಮ್ಮಿ ಹಾಕ್ತೀಯ. ಎರಡರಲ್ಲೂ ಅವರಿಗೆ ಗೊತ್ತಿಲ್ಲ, ನಿನಗೆ ಮಾತ್ರ ಗೊತ್ತು" ಅಂದ. ನನಗೆ ಮೊದಲು ಸಿಟ್ಟು ಬಂತು. ಒಳ್ಳೇದಕ್ಕೇ ತಾನೇ? ಆದ್ರೆ ಅವನು ಹೇಳಿದ್ದು ಸರಿ. ನಮ್ಮನೇ ಮೂರು ಲೋಟ ಏನೂ ಮಾಡಲ್ಲ ಅಂತ ನಂಬಿದವನು ನಾಳೆ ಇನ್ನೊಬ್ಬರ ಮನೇಲಿ ಮೂರು ಲೋಟ ಕುಡಿದು ಕಾರು ಹತ್ತಬಹುದು. ಅವರನ್ನ ಕಾಪಾಡೋ ನೆಪದಲ್ಲಿ ನಾನು ಮತ್ತೆ ಅವರ ಕೈಯನ್ನೇ ಸರಿಸ್ತಿದ್ದೆ, ಈ ಸಲ ಇನ್ನೊಂದು ಕಡೆಗೆ.

ಹಾಗಾಗಿ ಈಗ ಅಳತೆ ಮಾಡ್ತೀನಿ. ಅಳತೆ ಶುರು ಮಾಡಿದಮೇಲೆ ಪಾನೀಯವೂ ಮೊದಲಿಗಿಂತ ಚೆನ್ನಾಗಿ ಆಗ್ತಿದೆ.

ಎಂಟು ಲೋಟಕ್ಕೆ ಲೆಕ್ಕ ಹೀಗೆ. ಟಕೀಲಾ 360 ಎಂಎಲ್. ಬಾಟಲಿಯ ಮೇಲೆ ಶೇ. 100 ಅಗಾವೆ ಅಂತ ಬರೆದಿರಬೇಕು, ಇಲ್ಲದಿದ್ದರೆ ಅರ್ಧದ ಹತ್ತಿರದಷ್ಟು ಬೇರೆ ಸಕ್ಕರೆಯಿಂದ ಮಾಡಿದ್ದೂ ಇರಬಹುದು. ಪೀಪಾಯಿಯಲ್ಲಿ ಹಳತಾಗಿಸದ ಬ್ಲಾಂಕೊ ಸಾಕು. ಶೇ. 40ರ ಕಿತ್ತಳೆ ಲಿಕ್ಯೂರ್ 180 ಎಂಎಲ್. ಆಗತಾನೇ ಹಿಂಡಿದ ನಿಂಬೆರಸ 300 ಎಂಎಲ್. ಸಮ ಸಮ ಸಕ್ಕರೆ ಮತ್ತು ನೀರಿನ ಪಾಕ 250 ಎಂಎಲ್. ಒಂದು ಚಿಟಿಕೆ ಉಪ್ಪು. ಮತ್ತೆ ಒಂದು ಲೀಟರ್ ನೀರು. ಹೌದು, ನೀರು. ಬ್ಲೆಂಡರ್‌ಗೆ ಐಸ್ ಹಾಕಿದರೂ ಅದು ಕರಗಿ ನೀರೇ ಆಗೋದು. ಎಷ್ಟು ಕರಗಿತು ಅಂತ ಗೊತ್ತಾಗಲ್ಲ ಅಷ್ಟೇ. ಎಲ್ಲ ಕಲಸಿ, ಜಿಪ್ ಇರೋ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ಸುರಿದು, ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿ ಚಪ್ಪಟೆಯಾಗಿ ಮಲಗಿಸಿ. ಒಟ್ಟು ಮಿಶ್ರಣದಲ್ಲಿ ಆಲ್ಕೋಹಾಲ್ ಶೇ. 10ರ ಆಸುಪಾಸು ಇರೋದರಿಂದ ಅದು ಕಲ್ಲಾಗಲ್ಲ. ಸಕ್ಕರೆ ಇರೋದರಿಂದ ದೊಡ್ಡ ಹರಳು ಕಟ್ಟಲ್ಲ. ಶೇ. 15 ದಾಟಿದರೆ ಮಾಮೂಲಿ ಮನೆ ಫ್ರೀಜರ್‌ನಲ್ಲಿ ಗಂಜಿಯ ಹಾಗೆ ನೀರುನೀರಾಗಿ ಉಳಿಯುತ್ತೆ. ಅಂದ್ರೆ "ಕೈ ಬಿಚ್ಚಿ" ಹಾಕಿದರೆ ಪಾನೀಯವೇ ಕೆಡುತ್ತೆ. ಬಡಿಸೋ ಹೊತ್ತಿಗೆ ಚೀಲವನ್ನ ಕೈಯಲ್ಲಿ ಹಿಚುಕಿ, ಬ್ಲೆಂಡರ್‌ನಲ್ಲಿ ಐದೇ ಸೆಕೆಂಡ್ ತಿರುಗಿಸಿ. ಉಪ್ಪನ್ನ ಲೋಟದ ಅಂಚಿಗೆ ಅರ್ಧ ಭಾಗಕ್ಕೆ ಮಾತ್ರ ಹಚ್ಚಿ, ಬೇಕಾದವರು ಆ ಕಡೆಯಿಂದ ಕುಡೀತಾರೆ.

ಒಂದು ಲೋಟ ಸುಮಾರು 260 ಎಂಎಲ್, ಅದರಲ್ಲಿ ಒಂದೂವರೆ ಡ್ರಿಂಕ್. ಇದನ್ನ ಒಂದು ಚೀಟಿಯಲ್ಲಿ ಬರೆದು ಜಗ್‌ಗೆ ಅಂಟಿಸ್ತೀನಿ. ಪಕ್ಕದಲ್ಲಿ ಟಕೀಲಾ ಇಲ್ಲದ ಇನ್ನೊಂದು ಜಗ್, ಅದೇ ಲೋಟ, ಅದೇ ಉಪ್ಪು. ಮದ್ಯ ಇಲ್ಲದಿದ್ದರೆ ಅದು ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತೆ, ಹಾಗಾಗಿ ಅದನ್ನ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಬೇಕು. ಕುಡಿಯದವರು ಯಾಕೆ ಕುಡಿಯಲ್ಲ ಅಂತ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಕಾರು ತಂದವರ ಕೀಲಿ ಕಿತ್ತುಕೊಳ್ಳೋ ಪೊಲೀಸ್ ಕೆಲಸ ಮಾಡಲ್ಲ. ಬಾಗಿಲಲ್ಲಿ ಕೇಳೋದನ್ನ ಮಾತ್ರ ನಿಲ್ಲಿಸಿದೀನಿ. ಹೊರಡೋ ಹೊತ್ತಿಗೆ "ಆರಾಮಾ?" ಅಂದ್ರೆ ಎಲ್ಲರೂ ಆರಾಮೇ. ಅದಕ್ಕೇ ಹೇಗೆ ವಾಪಸ್ ಹೋಗ್ತೀರಿ ಅನ್ನೋದನ್ನ ಕರೆಯುವಾಗಲೇ, ಎಲ್ಲರೂ ಎಚ್ಚರ ಇರುವಾಗ ಕೇಳಿಬಿಡ್ತೀನಿ. ಯಾರಿಗಾದರೂ ಕಾಲು ತಡವರಿಸಿದರೆ ಸೋಫಾ ಇದ್ದೇ ಇದೆ.

ಒಬ್ಬ ಗೆಳತಿ ಚೀಟಿ ನೋಡಿ, "ಏನೇ ಇದು, ಔಷಧಿ ಅಂಗಡಿ ಥರ! ಮೂಡ್ ಹಾಳು" ಅಂದಳು. ಸ್ವಲ್ಪ ಹಾಳಾಗುತ್ತೆ ಅನ್ನೋದು ನಿಜ, ಅದನ್ನ ಅಲ್ಲಗಳೆಯಲ್ಲ. ಲೆಕ್ಕವಿಲ್ಲದೆ ಸುರಿಯೋದರಲ್ಲಿ ಒಂದು ಸುಖ ಇದೆ, ಕೊಡುವವರಿಗೂ ತಗೊಳ್ಳೋರಿಗೂ. ಆ ಸುಖಕ್ಕೆ ಒಬ್ಬರ ಲೆಕ್ಕ ತಪ್ಪಬೇಕಾಗುತ್ತೆ ಅನ್ನೋದು ಗೊತ್ತಾದ ಮೇಲೆ ನನಗೆ ಅದು ಮೊದಲಿನ ಹಾಗೆ ಸಿಗ್ತಿಲ್ಲ.

ಅಗಾವೆ ಅಂದ್ರೆ ನಮ್ಮ ಕತ್ತಾಳೆಯ ಕುಲ. ಹೊಲದ ಬೇಲಿಗೆ ಹಾಕ್ತಾರಲ್ಲ, ಅದರ ನೆಂಟ. ಮೆಕ್ಸಿಕೋದ ಹಾಲಿಸ್ಕೊ ಕಡೆ ಅದು ಬಲಿಯೋಕೆ ಆರೇಳು ವರ್ಷ ಕಾಯ್ತಾರೆ. ಹಿಮಾಡೋರ್ ಅನ್ನೋ ಕೆಲಸಗಾರರು ಉದ್ದ ಹಿಡಿಯ ಗುದ್ದಲಿಯಂಥ ಆಯುಧದಿಂದ ಮುಳ್ಳಿನ ಎಲೆ ಕತ್ತರಿಸಿ, ಒಳಗಿನ ಗೆಡ್ಡೆಯನ್ನ ಹೊರಗೆ ತೆಗೀತಾರೆ. ಮೊನ್ನೆ ಮೇ ತಿಂಗಳ ಪಾರ್ಟಿಯಲ್ಲಿ ಇದನ್ನ ಹೇಳ್ತಾ ಇದ್ದೆ. ದಾವಣಗೆರೆ ಹುಡುಗನೂ ಇದ್ದ, ಈ ಸಲ ಕ್ಯಾಬಲ್ಲಿ ಬಂದಿದ್ದ. "ನಮ್ಮ ಹೊಲದಾಗೂ ಕತ್ತಾಳಿ ಐತಕ್ಕಾ, ಅಪ್ಪ ಅದರ ನಾರಿನ್ಯಾಗ ಹಗ್ಗ ಹೊಸೀತಿದ್ದ" ಅಂದ. ಚೀಟಿ ಓದಿ, ಬೆರಳಲ್ಲಿ ಏನೋ ಎಣಿಸಿ, ಒಂದು ಲೋಟ ತಗೊಂಡ. ನಿಧಾನವಾಗಿ ಕುಡಿದ.

ಎರಡನೇ ಸುತ್ತಿಗೆ ನಾನು ಜಗ್ ಹಿಡಿದು ಹೋದೆ. ಅವನು ಲೋಟದ ಮೇಲೆ ಅಂಗೈ ಇಟ್ಟ. ನಮ್ಮಿಬ್ಬರಿಗೂ ಹೋದ ವರ್ಷದ್ದು ನೆನಪಾಯ್ತು, ಇಬ್ಬರೂ ಏನೂ ಹೇಳಲಿಲ್ಲ. "ಕೋಳಿ ಇನ್ನೂ ಬಿಸಿ ಇದೆ, ಅದನ್ನ ತಗೋ" ಅಂದು ಪಕ್ಕದವರ ಲೋಟದ ಕಡೆ ಹೋದೆ.